ಮಂಚದ ಮೇಲೆ ಕುಳಿತಿದ್ದವರು

ಕಣ್ಣಿಗೆ ಕಾಣದ್ದನ್ನು ನಂಬಿ ಎಂದು ಜನರಿಗೆ ಹೇಳಲು ಹೊರಟವನು ನಾನು. ಆದರೂ ಯಾರಾದರೂ ಭೂತ ಕಂಡೆ, ಸತ್ತವರು ಬಂದು ಕರೆದರು ಎಂದರೆ ನನಗೆ ನಗು ಬರುತ್ತಿತ್ತು. ದೇವರ ವಿಷಯ ಬೇರೆ, ಈ ಅಡಗೂಲಜ್ಜಿ ಕಥೆಗಳ ವಿಷಯ ಬೇರೆ ಎಂದು ದೊಡ್ಡ ಗಂಟಲಿನಲ್ಲಿ ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ಭೂತಪ್ರೇತಗಳಲ್ಲಿ ನಂಬಿಕೆ ಹುಟ್ಟಿತು ಎಂದಲ್ಲ, ವಾದಿಸುವುದಕ್ಕೆ ಮುಖ ಉಳಿದಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಕುವೈತಿನ ಫಿಂಟಾಸ್‌ನಲ್ಲಿ ಒಂದೇ ಮಲಗುವ ಕೋಣೆಯ ಫ್ಲಾಟು, ಅದರಲ್ಲಿ ಅಪ್ಪ, ಅಮ್ಮ, ನಾನು. ಅಮ್ಮ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುತ್ತಿದ್ದ ಫಿಲಿಪೈನ್ಸಿನ ಹೆಂಗಸೊಬ್ಬರ ಸ್ನೇಹದಿಂದ ಅಮ್ಮ ಕ್ರೈಸ್ತರ ಮಾರ್ಮನ್ ಪಂಥದ ಶುಕ್ರವಾರದ ಪ್ರಾರ್ಥನೆಗೆ ಹೋಗತೊಡಗಿದರು, ಅವರ ಹಿಂದೆ ನಾನೂ ಹೋದೆ. ಅಪ್ಪ ಬರಲಿಲ್ಲ, ತಡೆಯಲೂ ಇಲ್ಲ. ಅವರು ಉಡುಪಿ ಕಡೆಯವರು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯ ಪೈಪ್ ಫಿಟ್ಟರ್. ಬೆಳಗಿನ ಜಾವ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಹೊರಟರೆ ಮರಳುವಾಗ ಮಧ್ಯಾಹ್ನ ಕಳೆದಿರುತ್ತಿತ್ತು.

ಈ ಪಂಥದ ಹುಡುಗರು ಎರಡು ವರ್ಷ ಮನೆಮಾರು ಬಿಟ್ಟು ಧರ್ಮ ಸಾರಲು ಹೋಗುವುದು ವಾಡಿಕೆ. ನನ್ನನ್ನು ಪೆರು ದೇಶಕ್ಕೆ ನೇಮಿಸಿದರು. ವೀಸಾ ತಡವಾದ್ದರಿಂದ ತರಬೇತಿ, ಅಲ್ಲಿಯ ಭಾಷೆಯಾದ ಸ್ಪ್ಯಾನಿಷ್ ಪಾಠ ಎಲ್ಲವೂ ಮನೆಯಿಂದಲೇ, ಲ್ಯಾಪ್‌ಟಾಪಿನ ಮುಂದೆ. ಕುವೈತಿನಲ್ಲಿ ಹೊರಗೆ ಯಾರಿಗೂ ಸಾರುವಂತಿಲ್ಲ, ಕೋಣೆಯೊಳಗೆ ಕಲಿಯುವುದಕ್ಕೆ ಅಡ್ಡಿಯಿರಲಿಲ್ಲ. ಮೇಲೆ ಬಿಳಿ ಅಂಗಿ, ಟೈ, ಎದೆಗೆ ಹೆಸರಿನ ಪಟ್ಟಿ. ಕ್ಯಾಮರಾಕ್ಕೆ ಕಾಣದ ಕೆಳಭಾಗದಲ್ಲಿ ಲುಂಗಿ. ನಮ್ಮನ್ನೆಲ್ಲ ‘ಎಲ್ಡರ್’ ಎಂದು ಕರೆಯುತ್ತಿದ್ದರು. ಅದರ ಅರ್ಥ ಹಿರಿಯ ಎಂದು ತಿಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೀನು ಹಿರಿಯ ಆದ್ರೆ ನಾನು ಎಂಥದು ಮಾರಾಯ? ನಿನ್ನ ಮೊಮ್ಮಗನಾ?”

ನಗೆ ಅಷ್ಟೇ. ಊರಿನ ಸ್ನೇಹಿತರು ಸಿಕ್ಕಿ ಮಗ ಏನು ಮಾಡುತ್ತಾನೆ ಎಂದು ಕೇಳಿದರೆ, “ಸ್ಪ್ಯಾನಿಷ್ ಕಲೀತಿದ್ದಾನೆ, ಒಳ್ಳೆ ಕಂಪನಿ ಕೆಲಸಕ್ಕೆ ಬೇಕಂತೆ” ಎಂದು ಮಾತು ತೇಲಿಸುತ್ತಿದ್ದರು. ಅವರಿಗೆ ನನ್ನ ಬಗ್ಗೆ ನಾಚಿಕೆ. ನನಗೂ ಅವರ ಬಗ್ಗೆ ನಾಚಿಕೆಯಿತ್ತು ಎಂಬುದನ್ನು ಬರೆಯಲು ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ನಮ್ಮ ಮನೆಯಲ್ಲಿ ತಂಪಾಗಿದ್ದದ್ದು ಮಲಗುವ ಕೋಣೆ ಒಂದೇ. ಅಪ್ಪ ಕೆಲಸದಿಂದ ಬಂದು ಸ್ನಾನ ಮಾಡಿ, ಬನಿಯನ್ನು ಲುಂಗಿಯಲ್ಲಿ ಅಲ್ಲಿನ ಮಂಚದ ಮೇಲೆ ಕಾಲು ಮಡಚಿ ಕೂರುವುದು ವರ್ಷಗಳ ರೂಢಿ. ನನ್ನ ತರಗತಿ ಶುರುವಾಗುತ್ತಿದ್ದದ್ದೂ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ. ಮೊದಲ ದಿನ ಅವರು ಬಾಗಿಲಲ್ಲಿ ನಿಂತು ಲ್ಯಾಪ್‌ಟಾಪಿನಲ್ಲಿದ್ದ ಮುಖಗಳನ್ನು ನೋಡಿದರು, ತಮ್ಮ ಬನಿಯನ್ನನ್ನೂ ನೋಡಿಕೊಂಡರು.

“ನಾನಿದ್ರೆ ನಿಂಗೆ ಕಿರಿಕಿರಿ. ನೀನು ಓದು ಮಗಾ, ನಾನು ಕೆಳಗೆ ಕಾರಲ್ಲಿ ಕೂತ್ಕೊಳ್ತೇನೆ.”

ಬೇಡ, ಇಲ್ಲೇ ಇರಿ ಎನ್ನಲು ಒಂದು ಉಸಿರು ಸಾಕಿತ್ತು. ಅದು ನನ್ನ ಬಾಯಿಂದ ಹೊರಡಲಿಲ್ಲ. ಅಂದಿನಿಂದ ಅವರು ದಿನಾ ಸ್ನಾನ ಮುಗಿಸಿ, ಅಂಗಿ ತೊಟ್ಟು, ನೀರಿನ ಬಾಟಲಿ ಹಿಡಿದು ಕೆಳಗಿಳಿಯುತ್ತಿದ್ದರು. ಬೇಸಿಗೆ. ಕಾರಿನ ಗಾಜು ಇಳಿಸಿಕೊಂಡು, ಮೈಯೆಲ್ಲ ಬೆವರಾಗಿ, ತರಗತಿ ಮುಗಿಯುವವರೆಗೆ ಅಲ್ಲೇ ಕೂತಿರುತ್ತಿದ್ದರು.

ಪ್ರಚಾರಕರಿಗೆ ಒಂದು ನಿಯಮವಿದೆ: ಒಬ್ಬನೇ ಇರಬಾರದು. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ, ಅವನು ಸದಾ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಇರಬೇಕು. ನನ್ನ ಜೊತೆಗಾರ ಎಲ್ಡರ್ ಕಾಲಿನ್ಸ್ ಇಂಗ್ಲೆಂಡಿನ ತನ್ನ ಮನೆಯಲ್ಲಿದ್ದ. ಹಾಗಾಗಿ ಪಾಠ ಇಲ್ಲದಾಗಲೂ ನಮ್ಮಿಬ್ಬರ ನಡುವೆ ವೀಡಿಯೊ ತೆರೆದೇ ಇರುತ್ತಿತ್ತು. ಸ್ಪ್ಯಾನಿಷ್ ಬೇಗ ಬರಲಿ ಎಂದು ನಾವು ಇನ್ನೊಂದು ವ್ರತ ಹಿಡಿದಿದ್ದೆವು. ತರಗತಿಯ ಹೊತ್ತಿನಲ್ಲಿ ಇಂಗ್ಲಿಷ್ ಆಡುವಂತಿಲ್ಲ. ಗೊತ್ತಿದ್ದರೆ ಸ್ಪ್ಯಾನಿಷ್, ಇಲ್ಲದಿದ್ದರೆ ಮೌನ. ಗೊತ್ತಿದ್ದದ್ದು ಬೆರಳೆಣಿಕೆಯ ಮಾತು, ಆದ್ದರಿಂದ ಮೌನವೇ ಹೆಚ್ಚು.

ದಿನಾ ಶುರುವಿಗೆ ಕಾಲಿನ್ಸ್ ನನಗೆ ಹಲೋ ಎನ್ನುತ್ತಿದ್ದ. ಆಮೇಲೆ ಸ್ವಲ್ಪ ತಲೆ ಬಾಗಿಸಿ, ‘ಬ್ವೆನಸ್ ತಾರ್ದೆಸ್, ಸೆನ್ಯೋರ್’ ಎನ್ನುತ್ತಿದ್ದ. ಹಿರಿಯರಿಗೆ ಹೇಳುವ ನಮಸ್ಕಾರ ಅದು. ಮರ್ಯಾದೆಯ ಮಾತನ್ನು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡು ನಾನೂ ಗತ್ತಿನಿಂದ ತಲೆಯಾಡಿಸುತ್ತಿದ್ದೆ.

ಒಂದು ಸಂಜೆ ಕುಟುಂಬದ ಪಾಠ. ಒಬ್ಬೊಬ್ಬರೂ ತಮ್ಮ ಜೊತೆಗಾರನ ಮನೆಯವರ ಬಗ್ಗೆ ನಾಲ್ಕು ಮಾತು ಸ್ಪ್ಯಾನಿಷ್‌ನಲ್ಲಿ ಹೇಳಬೇಕಿತ್ತು. ಹೊರಗೆ ಮಸೀದಿಯಲ್ಲಿ ಮಗ್ರಿಬ್ ನಮಾಜಿನ ಬಾಂಗ್ ಆಗಷ್ಟೇ ಮುಗಿದಿತ್ತು. ಕಾಲಿನ್ಸ್ ಕಷ್ಟಪಟ್ಟು, ಪುಟ್ಟ ಮಕ್ಕಳ ಪಾಠಪುಸ್ತಕದ ವಾಕ್ಯಗಳಲ್ಲಿ ಹೇಳತೊಡಗಿದ. ಇವನಿಗೆ ಒಬ್ಬ ತಂದೆ ಇದ್ದಾರೆ. ಇವನ ತಂದೆ ಮಂಚದ ಮೇಲೆ ಕೂತಿದ್ದಾರೆ. ಅವರ ಅಂಗಿಗೆ ತೋಳಿಲ್ಲ. ಅಂಗಿ ಬಿಳಿ. ಅವರು ದಿನಾ ಕೇಳುತ್ತಾರೆ. ನಾವು ಹೇಳುತ್ತೇವೆ, ಅವರೂ ಹೇಳುತ್ತಾರೆ.

ನಮ್ಮ ಟೀಚರಮ್ಮ ಚಪ್ಪಾಳೆ ತಟ್ಟಿ, ನನ್ನ ಹೆಗಲಾಚೆ ನೋಡುವಂತೆ ಕತ್ತು ಚಾಚಿ ನಮಸ್ಕಾರ ಹೇಳಿದರು. ಉಳಿದ ಹುಡುಗರೂ ನಗುತ್ತ ಕೈ ಬೀಸಿದರು. ನಾನು ತಿರುಗಿ ನೋಡಿದೆ. ಮಂಚ ಖಾಲಿ. ಅಮ್ಮ ಮಡಚಿಟ್ಟ ಹೊದಿಕೆ, ದಿಂಬು, ಇನ್ನೇನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ನನ್ನದೇ ಚಿತ್ರ ಬರುವ ಸಣ್ಣ ಚೌಕದಲ್ಲೂ ಅದೇ ಹೊದಿಕೆ, ಅದೇ ದಿಂಬು.

ಎದ್ದು ಕಿಟಕಿಗೆ ಹೋದೆ. ಕೆಳಗೆ ಕಾರಿತ್ತು, ಕಾರಿನೊಳಗೆ ಅಪ್ಪ ಇದ್ದರು. ಜೊತೆಗಾರನನ್ನು ಬಿಟ್ಟು ಹೋಗಬಾರದೆಂಬ ನಿಯಮ ಮರೆತು ಮೆಟ್ಟಿಲು ಇಳಿದೆ. ಅವರು ಸೀಟು ಹಿಂದಕ್ಕೆ ಒರಗಿಸಿ ಮಲಗಿದ್ದರು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಸಣ್ಣಗೆ ಆಡುತ್ತಿತ್ತು. ಭುಜ ಮುಟ್ಟಿದೆ.

“ಖಲಾಸಾ ಕ್ಲಾಸು?” ಎಂದು ಕಣ್ಣುಜ್ಜಿಕೊಂಡರು.

“ಅಪ್ಪ, ನೀವು ಈಗ ಮೇಲೆ ಬಂದಿದ್ರಾ?”

“ಇಲ್ಲ ಮಾರಾಯ, ನಾನ್ಯಾಕೆ ಬರ್ಲಿ? ಅಷ್ಟು ಜನ ನೋಡ್ತಾರೆ.”

ಆಗಲಾದರೂ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಬಹುದಿತ್ತು. ಕಾಲಿನ್ಸ್ ಕಂಡದ್ದು ಕೆದರಿದ ಕೂದಲಿನ, ಬನಿಯನ್ನಿನ ಅಪ್ಪನನ್ನು ಎಂಬ ಮುಜುಗರದಲ್ಲಿ ನಾನು ಬೆಂದುಹೋಗುತ್ತಿದ್ದೆ. ಅವರು ಅಲ್ಲಿರಲಿಲ್ಲ ಎಂಬ ಹೆದರಿಕೆ ಹುಟ್ಟಿದ್ದು ಅದರ ನಂತರ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಹೇಳಿ. ಒಬ್ಬನೇ ಮೇಲೆ ಹೋದೆ.

ನೀವು ಕೇಳಬಹುದು, ಟೀಚರನ್ನು ಕೇಳಲಿಲ್ಲವೇ, ಉಳಿದ ಹುಡುಗರಿಗೂ ಕಂಡಿತೇ ಎಂದು ವಿಚಾರಿಸಲಿಲ್ಲವೇ? ಇಲ್ಲ. ಮಂಚದ ಮೇಲೆ ಇದ್ದದ್ದು ನನ್ನ ತಂದೆಯಲ್ಲ ಎನ್ನಬೇಕಾದರೆ ತಂದೆ ಎಲ್ಲಿದ್ದರು, ಯಾಕೆ ಅಲ್ಲಿದ್ದರು ಎಂದು ಮೊದಲು ಹೇಳಬೇಕಿತ್ತು. ಅದಕ್ಕೆ ನಾಲಗೆ ಏಳಲಿಲ್ಲ. ಕಾಲಿನ್ಸ್ ಮರುದಿನವೂ ನನ್ನ ಹಿಂದಕ್ಕೆ ನಮಸ್ಕಾರ ಹೇಳಿದ. ನಾನು ತಿರುಗಿ ನೋಡಲಿಲ್ಲ. ಬೆನ್ನಿನ ಹಿಂದೆ ಯಾರೋ ಕೂತಿದ್ದಾರೆ ಎಂದು ಗೊತ್ತಿದ್ದು ಕ್ರಿಯಾಪದ ಬಾಯಿಪಾಠ ಮಾಡುವುದು ಹೇಗೆ ಎಂದು ಆ ವಾರಗಳಲ್ಲಿ ಕಲಿತೆ.

ತರಬೇತಿಯ ಕೊನೆಯ ದಿನ ಮನೆಯವರೂ ಬರಬೇಕೆಂದು ಕರೆಯಿತ್ತು. ಅಮ್ಮನಿಗೆ ಡ್ಯೂಟಿ. ಅಪ್ಪನಿಗೆ ನಾನೇ ಹೇಳಿದೆ. ಅವರ ಮುಖ ಅರಳಿದ್ದು ನೋಡಿ ನನಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು. ಅವರು ಕೂದಲಿಗೆ ಕಪ್ಪು ಹಚ್ಚಿಕೊಂಡರು, ಮೀಸೆ ತಿದ್ದಿಕೊಂಡರು. ನನ್ನ ಇನ್ನೊಂದು ಟೈ ತಂದು, “ಕಟ್ಟು ಮಗಾ, ನಂಗೆ ಬರುದಿಲ್ಲ” ಎಂದು ಕತ್ತು ಒಡ್ಡಿದರು. ಕಟ್ಟಿದೆ. ಬ್ಯಾಂಕಿನ ಮ್ಯಾನೇಜರಂತೆ ನನ್ನ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಕಾಲಿನ್ಸ್ ಅವರನ್ನು ನೋಡಿದ. ಆಮೇಲೆ ನಮ್ಮಿಬ್ಬರ ನಡುವಿನಿಂದ ಮಂಚದ ಕಡೆ ನೋಡಿದ. ಸ್ಪ್ಯಾನಿಷ್‌ನಲ್ಲೇ, ತುಂಬ ಮರ್ಯಾದೆಯಿಂದ ಕೇಳಿದ: ಈ ಯಜಮಾನರು ಯಾರು? ನಿನ್ನ ಅಪ್ಪ ಇವತ್ತು ಬರಲಿಲ್ಲವೇ?

ಅಪ್ಪನಿಗೆ ಅರ್ಥವಾಗಿಲ್ಲವಲ್ಲ ಎಂಬ ಸಮಾಧಾನದಲ್ಲಿ ಏನಾದರೂ ಬೇರೆ ಹೇಳಿ ಮುಚ್ಚಿಬಿಡೋಣ ಎಂದು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡಲಿಲ್ಲ. ಲ್ಯಾಪ್‌ಟಾಪಿನ ಕಡೆ ಬಾಗಿ, ನಮ್ಮ ಟೀಚರಮ್ಮ ಕಲಿಸಿದ ಅದೇ ರಾಗದಲ್ಲಿ, ನಿಧಾನವಾಗಿ ಹೇಳಿದರು: ‘ಸೊಯ್ ಯೊ. ಯೊ ಸೊಯ್ ಸು ಪಪಾ.’ ನಾನೇ. ನಾನೇ ಇವನ ಅಪ್ಪ.

ನಾನಂತೂ ಅವರಿಗೆ ಒಂದಕ್ಷರ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಬೇರೆ ಇರಲಿಲ್ಲ. ಅವರ ಫೋನು ಮಾತಾಡುವುದಕ್ಕೆ ಮಾತ್ರ ಆಗುವಂಥದ್ದು. ರಿಫೈನರಿಯಲ್ಲಿ ಯಾರಾದರೂ ಇದ್ದರೇನೋ, ಕಾರಿನ ಗಾಜು ಇಳಿಸಿದ್ದರಿಂದ ನನ್ನ ದನಿ ಕೆಳಗೆ ಕೇಳಿತೇನೋ ಎಂದೆಲ್ಲ ಯೋಚಿಸಿದ್ದೇನೆ. ಬೇಸಿಗೆಯ ಆ ಧಗೆಯಲ್ಲಿ ನಾಲ್ಕನೇ ಮಹಡಿಯ ಕಿಟಕಿಯನ್ನು ಯಾರು ತೆರೆದಿಡುತ್ತಾರೆ?

ಪೆರುವಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಅಪ್ಪನೇ ಕಾರು ಓಡಿಸಿದರು. ಇಬ್ಬರೇ ಇದ್ದೆವು. ಧೈರ್ಯ ಮಾಡಿ ಕೇಳಿದೆ, ಅದನ್ನೆಲ್ಲ ಎಲ್ಲಿ ಕಲಿತಿರಿ ಎಂದು.

“ಎಲ್ಲಿ ಅಂದ್ರೆ? ನಿನ್ನ ಹತ್ರವೇ ಅಲ್ವಾ ಮಗಾ? ದಿನಾ ನನ್ನನ್ನು ನಿನ್ನ ಹಿಂದೆ ಮಂಚದಲ್ಲಿ ಕೂರಿಸಿಕೊಳ್ತಿದ್ದಿ ಅಲ್ಲ ನೀನು.”

ಕುಚೋದ್ಯವೇ ಎಂದು ಅವರ ಮುಖ ನೋಡಿದೆ. ಕುಚೋದ್ಯ ಮಾಡುವಾಗ ಅವರ ಮೀಸೆ ಸ್ವಲ್ಪ ಕುಣಿಯುತ್ತದೆ. ಕುಣಿಯಲಿಲ್ಲ. ಮಗ ತನ್ನನ್ನು ಹತ್ತಿರ ಕೂರಿಸಿಕೊಂಡ ನೆನಪಿನಲ್ಲಿ ಇರುವವರಂತೆ ಸಂತೋಷವಾಗಿ ರಸ್ತೆ ನೋಡುತ್ತಿದ್ದರು. ಇದನ್ನು ಬಿಡಿಸಿ ಹೇಳುವುದು ಇಂದಿಗೂ ನನ್ನಿಂದ ಆಗಿಲ್ಲ. ಅಲ್ಲಪ್ಪ, ನೀವು ಕಾರಿನಲ್ಲಿ ಕೂತಿರುತ್ತಿದ್ದಿರಿ ಎಂದು ನೆನಪಿಸುವುದು ಅಂದು ನನ್ನಿಂದ ಆಗಲಿಲ್ಲ.

ಹೌದಪ್ಪ ಎಂದೆ.