ಆಯಿಲ್ ಮುಚ್ಚಳವೂ ಅಕ್ಕನ ಕಣ್ಣೂ

ಕಾರಿನ ಬಾನೆಟ್ ಎತ್ತಿ ನಿಂತ ಗಂಡಸು, ಏನೂ ಗೊತ್ತಿಲ್ಲದಿದ್ದರೂ ಎಲ್ಲ ಗೊತ್ತಿದ್ದವನಂತೆ ಕಾಣುತ್ತಾನೆ. ಈ ಒಂದು ಸುಖಕ್ಕಾಗಿಯೇ ನಾನು ವಾರಕ್ಕೊಮ್ಮೆ ನನ್ನ ಹಳೆಯ ಕಾರಿನ ಬಾನೆಟ್ ಎತ್ತುತ್ತೇನೆಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ರೋಣದ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವವನಿಗೆ ಎಂಜಿನ್ನಿನ ಸಂಧಿ ಸಮಾಸಗಳು ಎಲ್ಲಿಂದ ತಿಳಿಯಬೇಕು? ಅಳತೆಯ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ, ಆಯಿಲ್ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡುತ್ತೇನೆ. ಅಷ್ಟು ಸಾಕು. ಆದರೂ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಇಣುಕಿ, "ಹ್ಞೂಂ" ಅನ್ನದಿದ್ದರೆ ನನಗೆ ಸಮಾಧಾನವಿಲ್ಲ. ಒಳಗೆ ಕತ್ತಲೆಯ ಹೊರತು ಏನೂ ಕಾಣುವುದಿಲ್ಲ.

ಮುಚ್ಚಳಗಳಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಪಾತ್ರೆಗೊಂದು ಹೆಸರಿದ್ದರೆ ಮುಚ್ಚಳಕ್ಕೆ ಎಲ್ಲ ಸೇರಿ ಒಂದೇ ಹೆಸರು. ತಪ್ಪು ಮಾಡಿದವನಿಂದ ಬರೆಸಿಕೊಳ್ಳುವ 'ಮುಚ್ಚಳಿಕೆ' ಈ ಮುಚ್ಚಳದ ಮಗಳೇ ಎಂದು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೆ. ಅದು ಪಾರಸಿಯ ದಾರಿಯಲ್ಲಿ ಬಂದ ನೆಂಟ, ಎರಡಕ್ಕೂ ರಕ್ತಸಂಬಂಧವಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಒಂದು ಗುರುವಾರ ನನ್ನ ಪಾಲಿಗೆ ಆ ಸಂಬಂಧ ಕೂಡಿಯೇ ಬಂತು.

ಅಂದು ಗಂಗಕ್ಕನ ಕಣ್ಣಿನ ಆಪರೇಷನ್ ಇತ್ತು. ಗಂಗಕ್ಕ ನನ್ನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ಐದು, ಅವಳಿಗೆ ಹದಿನೈದು. ಅಂದಿನಿಂದ ನನ್ನನ್ನು ಬೆಳೆಸಿದವಳು ಅವಳೇ. ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಪೊರೆ ಬೆಳೆದು ಕಣ್ಣು ಮಸುಕಾಗಿ ಎಷ್ಟೋ ದಿನವಾಗಿತ್ತು. ಎರಡು ಸಲ ದಿನ ಗೊತ್ತು ಮಾಡಿದರೂ ಏನೋ ನೆವ ಹೇಳಿ ತಪ್ಪಿಸಿದ್ದಳು. ಈ ಸಲ ಹೇಗೋ ಒಪ್ಪಿದ್ದಳು. ಗಜೇಂದ್ರಗಡದ ದವಾಖಾನೆಯಲ್ಲಿ ಹತ್ತು ಗಂಟೆಗೆ ಇರಬೇಕಿತ್ತು. ಇದೂ ತಪ್ಪಿದರೆ ನಾಲ್ಕನೆಯ ಸಲ ಅವಳನ್ನು ಒಪ್ಪಿಸುವುದು ನನ್ನಿಂದಾಗದ ಮಾತು.

ಕಾರಿನಲ್ಲಿ ಹೊರಟವರಿಗೆ, ದಾರಿಯ ಸೂಡಿ ಊರು ಸಮೀಪಿಸುವಾಗ ಸುಟ್ಟ ಎಣ್ಣೆಯ ವಾಸನೆ ಬಂತು. ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆ. ಊರ ಹೊರಗಿನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಮುಂದೆ ನಿಲ್ಲಿಸಿದೆ. "ತಿರಿಗಿ ಮನಿಗೆ ಹೋಗೂಣೇನೋ ತಮ್ಮಾ?" ಎಂದಳು ಅಕ್ಕ. ದನಿಯಲ್ಲಿ ಆಸೆಯಿತ್ತು.

ಶೆಡ್ಡಿನ ಮೆಹಬೂಬಸಾಬರು ನನ್ನಷ್ಟೇ ವಯಸ್ಸಿನವರು. ಅಕ್ಕನನ್ನು ಇಳಿಸಿ ನೆರಳಿನ ಹೊರಸಿನ ಮೇಲೆ ಕೂಡಿಸಿ, ಬಾನೆಟ್ ಎತ್ತಿದರು. ಒಳಗೆಲ್ಲ ಆಯಿಲ್ ಸಿಡಿದಿತ್ತು. ಮುಚ್ಚಳವಿರಬೇಕಾದಲ್ಲಿ ಬಾಯಿ ತೆರೆದ ತೂತು.

"ಕ್ಯಾಪ್ ಎಲ್ಲೈತ್ರಿ?"

ಮುಂಜಾನೆ ಅದನ್ನು ತೆಗೆದು ಬ್ಯಾಟರಿಯ ಮೇಲಿಟ್ಟದ್ದು ಆಗ ನೆನಪಾಯಿತು. ನಾಲಿಗೆಗೆ ಮಾತ್ರ ಬೇರೆಯದೇ ನೆನಪಾಯಿತು. "ಸರ್ವಿಸ್ ಮಾಡಿದವರು ಸರಿಯಾಗಿ ಹಾಕಿಲ್ಲ ಕಾಣತೈತ್ರಿ," ಅಂದೆ.

"ಸರ್ವಿಸ್ ಯಾವಾಗ ಮಾಡಿಸಿದ್ರಿ?"

"ಹೋದ ತಿಂಗಳ."

ಅವರು ನನ್ನ ಮುಖ ನೋಡಿದರು, ಸಿಡಿದ ಹಸಿ ಆಯಿಲ್ ನೋಡಿದರು. ಅಷ್ಟರಲ್ಲಿ ಹೊರಸಿನಿಂದ ಅಕ್ಕನ ದನಿ ಬಂತು. "ತಪ್ಪ ನಂದ್ರಿ ಸಾಬರ. ಮುಂಜಾನಿ ಪಾಪ ನೋಡಾಕತ್ತಿದ್ದ. ನಾನ ಲಗೂ ಬಾ, ಲಗೂ ಬಾ ಅಂತ ಒದರಿದೆ. ಗಡಿಬಿಡಿಯೊಳಗ ಮರತಾನ."

ಅಕ್ಕ ಒದರಿರಲಿಲ್ಲ. ಮುಂಜಾನೆ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಚಿಕ್ಕಂದಿನಲ್ಲಿ ನಾನು ಒಡೆದ ಗಡಿಗೆಗಳಿಗೆಲ್ಲ ಅಪ್ಪನ ಬೈಗುಳ ತಿಂದವಳು ಅವಳೇ. ಅದೇ ದನಿ, ಅದೇ ಸಲೀಸು. ಐವತ್ತು ದಾಟಿದ ಮಾಸ್ತರ ಅಕ್ಕನ ಸೆರಗಿನ ಹಿಂದೆ ನಿಂತದ್ದು ನನಗೇ ಕಂಡಿತು. "ಇಲ್ರಿ," ಅಂದೆ, "ಅಕ್ಕ ಏನೂ ಅಂದಿಲ್ಲ. ಮುಚ್ಚಳ ತಗದವನೂ ನಾನ, ಮರತವನೂ ನಾನ."

"ಯಾರ ಮರತರೇನ್ರಿ, ತೂತಿಗೇನ ಗೊತ್ತಾಗತೈತಿ?" ಎಂದು ಅವರು ಕೈ ಒರೆಸಿಕೊಂಡರು.

ನಾನು ತೂತಿಗೆ ಅರಿವೆಯ ಚೂರು ತುರುಕಲು ಹೋದೆ. ಎಳೆ ಒಳಗೆ ಬಿದ್ದರೆ ಕೆಲಸ ಕೆಡುತ್ತದೆಂದು ತಡೆದರು. ಡಬ್ಬಿಯಲ್ಲಿದ್ದ ಮೂರು ಮುಚ್ಚಳ ಹಚ್ಚಿ ನೋಡಿದರು. ಕಣ್ಣಿಗೆ ಎಲ್ಲವೂ ಒಂದೇ. ಬಾಯಿಗೆ ಒಂದೂ ಕೂಡಲಿಲ್ಲ. ಕೊನೆಗೆ ಶೆಡ್ಡಿನ ಹಿಂದೆ ಗುಜರಿಗೆ ಕಾದಿದ್ದ, ನನ್ನದೇ ಜಾತಿಯ ಕಾರಿನಿಂದ ಒಂದು ಬಿಚ್ಚಿ ತಂದರು. ತೊಳೆದು, ಒರೆಸಿ, ರಬ್ಬರ್ ಬಳೆ ಬಿರುಕು ಬಿಟ್ಟಿಲ್ಲವೆಂದು ಬೆರಳಾಡಿಸಿ ನೋಡಿದರು. ಎಂಜಿನ್ ತಣಿದ ಮೇಲೆ ಸಿಡಿದ ಎಣ್ಣೆ ಒರೆಸಿ, ಕಡಿಮೆಯಾದಷ್ಟು ಆಯಿಲ್ ಸುರಿದು, ಮುಚ್ಚಳ ಕೂಡಿಸಿ ತಿರುಗಿಸಿದರು. ಗಟ್ಟಿಯಾಗಿ ಕೂತಿತು.

ಕಾರು ಸೂಡಿ ದಾಟಿತು. ಆಮೇಲೆ ಅಕ್ಕ, "ನೀ ಖರೇ ಹೇಳಿದಿ, ಅದಕ್ಕ ನಾನೂ ಹೇಳತೀನಿ. ನನಗ ಭಾಳ ಅಂಜಿಕಿ ಆಗೈತೋ ತಮ್ಮಾ. ಇದ್ದಷ್ಟ ಬೆಳಕೂ ಹೋದರ?" ಎಂದಳು.

ಅವಳೂ ಅಂಜುತ್ತಾಳೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಅವಳ ಕೈ ಹಿಡಿದೆ. "ನನಗೂ ಆಗೈತಿ," ಅಂದೆ. ಅವಳು ನಕ್ಕು, "ಹಂಗಾದ್ರ ನಡಿ, ಇಬ್ಬರೂ ಕೂಡೇ ಅಂಜೂಣು," ಎಂದಳು.

ತಡವಾಗಿ ಹೋದೆವು, ಡಾಕ್ಟರು ಸರದಿಯ ಕೊನೆಗೆ ಹಾಕಿಕೊಂಡರು. ಮರುದಿನ ಪಟ್ಟಿ ಬಿಚ್ಚಿದಾಗ ಅಕ್ಕ ಗೋಡೆ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ನನ್ನತ್ತ ತಿರುಗಿದಳು. ನೋಡುತ್ತಲೇ ಇದ್ದಳು.

"ತಮ್ಮಾ," ಎಂದು ನನ್ನ ತಲೆಗೂದಲ ಮೇಲೆ ಕೈಯಾಡಿಸಿದಳು, "ಯಾವಾಗೋ ಇಷ್ಟ ಬೆಳ್ಳಗಾದವು?"

ನಿನ್ನೆಯವರೆಗೆ ಈ ಲೋಕದಲ್ಲಿ ಒಬ್ಬಳ ಕಣ್ಣಿಗಾದರೂ ನಾನು ಹುಡುಗನಾಗಿಯೇ ಇದ್ದೆ. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಯಾವ ದಿನ ಬರಲಿ ಎಂದು ಡಾಕ್ಟರನ್ನು ಕೇಳಬೇಕಿತ್ತು; ಮೊದಲು ಒಮ್ಮೆ ತಲೆ ಸವರಿಕೊಂಡು, ಆಮೇಲೆ ಕೇಳಿದೆ.