ಶೈಲಾ ಬರೆದ ಮೊದಲ ಚೀಲ

ಮೋಟೆಬೆನ್ನೂರಿನ ಶೈಲಾ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಹದಿನೆಂಟು ವರ್ಷಗಳಿಂದ ಒಳಬರುವ ಮೆಣಸಿನಕಾಯಿ ಚೀಲಗಳ ಲೆಕ್ಕ ಬರೆಯುತ್ತಾಳೆ. ಒಮ್ಮೆಯೂ ಲೆಕ್ಕ ತಪ್ಪಿದವಳಲ್ಲ. ಅದರ ಜಂಬವೂ ಸ್ವಲ್ಪ ಇತ್ತೆನ್ನಿ. ಹೀಗಾಗಿ ಈ ವರ್ಷ ಮ್ಯಾನೇಜರ್ ಪ್ರಭುಲಿಂಗಪ್ಪ ರಿಜಿಸ್ಟರ್ ಮುಚ್ಚಿಸಿ ಕಂಪ್ಯೂಟರ್ ತಂದಿಟ್ಟಾಗ ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ನಾಲ್ಕು ಭಾನುವಾರ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಹೋಗಿ ಎಕ್ಸೆಲ್ ಕಲಿತಳು. ತಲೆಯಲ್ಲಿ ಉಳಿದದ್ದು ಒಂದೇ ಸೂತ್ರ. ಒಬ್ಬೊಬ್ಬ ರೈತನ ಚೀಲಗಳ ಸಂಖ್ಯೆಯನ್ನು ಪರದೆಯ ಮೇಲಿನ ಒಂದೊಂದು ಚೌಕದ ಮನೆಯಲ್ಲಿ ತುಂಬಿ, ಕೆಳಗೆ 'ಸಮ್' ಎಂಬ ಸೂತ್ರ ಹಾಕಿ ಎಂಟರ್ ಒತ್ತಿದರೆ ಮೊತ್ತ ತಾನೇ ಬಂದು ಕೂರುತ್ತದೆ. ಮೊದಲ ಸಲ ಅದು ಬಂದಾಗ ಪಕ್ಕದವಳ ಕೈ ಹಿಡಿದು ನಕ್ಕಳಂತೆ.

ಆಫೀಸಿನಲ್ಲಿ ಮೊದಲ ದಿನವೇ ಎಡವಟ್ಟಾಯಿತು. ಸಂಜೆ ಹಮಾಲ ಜಹಾಂಗೀರ, ತಾನು ಹೊತ್ತದ್ದು ಇನ್ನೂರಾ ಹನ್ನೆರಡು ಚೀಲ ಎಂದ. ಕಂಪ್ಯೂಟರ್ ಇನ್ನೂರಾ ಹನ್ನೊಂದು ಎಂದಿತು. ಚೀಲಗಳು ಆಗಲೇ ಒಳಗಿನ ಸಾವಿರಾರು ಚೀಲಗಳ ನಡುವೆ ಸೇರಿಹೋಗಿದ್ದವು. ಬೇರ್ಪಡಿಸಿ ಎಣಿಸುವ ಮಾತೇ ಇರಲಿಲ್ಲ.

"ಮಷೀನ ಸುಳ್ಳ ಹೇಳ್ತೈತೇನು?" ಪ್ರಭುಲಿಂಗಪ್ಪ ಜಹಾಂಗೀರನತ್ತ ತಿರುಗಿದರು. "ಒಂದ ಚೀಲ ಎಲ್ಲಿ ಹೋತು? ಹೇಳಲಿಲ್ಲಂದ್ರ ನಾಳಿಂದ ಗೇಟಿನೊಳಗ ಬರಬ್ಯಾಡ."

ಹನ್ನೆರಡು ವರ್ಷ ಅಲ್ಲೇ ದುಡಿದ ಜಹಾಂಗೀರ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಶೈಲಾ ಅವನ ಪರವಾಗಿ ಬಾಯಿ ಬಿಡಲಿಲ್ಲ. ಹೊಸ ವಿದ್ಯೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ ಬಂದುಬಿಟ್ಟಿತ್ತು.

ಆದರೆ ಮನಸ್ಸು ತಡೆಯಲಿಲ್ಲ. ಪರದೆಗೆ ಬೆರಳಿಟ್ಟು ಹಳೆಯ ರೂಢಿಯಂತೆ ಬಾಯಲ್ಲೇ ಕೂಡಿಸಿದಳು. "ಲಾಭ, ಹದಿನಾಲ್ಕ ಕೂಡಿಸಿದ್ರ ಹದಿನೈದ, ಇಪ್ಪತ್ತ ಕೂಡಿಸಿದ್ರ ಮೂವತ್ತೈದ..." ಕೊನೆಗೆ ಬಂದದ್ದು ಇನ್ನೂರಾ ಹನ್ನೆರಡು!

ಮತ್ತೆ ಮೇಲಿಂದ ನೋಡಿದಳು. ಅಂಕಿಗಳೆಲ್ಲ ತಮ್ಮ ತಮ್ಮ ಮನೆಯ ಬಲಗೋಡೆಗೆ ಅಂಟಿ ನಿಂತಿದ್ದವು. ಮೊದಲನೆಯದು ಮಾತ್ರ ಎಡಕ್ಕಿತ್ತು. ಅದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಗುತ್ತಲದ ಸಿದ್ದವ್ವನ ಒಂದೇ ಚೀಲ. ನಮ್ಮ ಕಡೆ ಎಣಿಕೆ ಶುರುಮಾಡುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ರಿಜಿಸ್ಟರಿನಲ್ಲಿ ಬರೆಯುತ್ತಿದ್ದಂತೆ ಶೈಲಾ ಇಲ್ಲೂ 'ಲಾಭ' ಎಂದೇ ಟೈಪು ಮಾಡಿದ್ದಳು. ಅಕ್ಷರ ಕಂಡರೆ ಆ ಸೂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೇನು ಗೊತ್ತು ಬ್ಯಾಡಗಿಯ ರೀತಿ?

ಅಳಿಸಿ 1 ಒತ್ತಿದಳು. ಕೆಳಗೆ 212 ಬಂತು. ಅಬ್ಬಾ, ಹೋದ ಜೀವ ಬಂದಂತಾಯಿತು ಅವಳಿಗೆ! ಚಪ್ಪಲಿ ಮರೆತು ಹೊರಗೆ ಓಡಿದಳು.

"ಚೀಲ ಎಲ್ಲೂ ಹೋಗಿಲ್ಲೋ ಜಹಾಂಗೀರ! ನಾ ಲಾಭ ಅಂತ ಒತ್ತಿದ್ದೆ, ತಪ್ಪು ನಂದ ಐತಿ. ನಿನ್ನ ಪರವಾಗಿ ಒಂದ ಮಾತ ಆಡಬೇಕಿತ್ತು, ಆಡಲಿಲ್ಲ."

ಜಹಾಂಗೀರ ಟವೆಲಿನಿಂದ ಮುಖ ಒರೆಸಿಕೊಂಡ. "ಖರೇ ಹೇಳ್ತೇನ್ರಿ ಅಕ್ಕಾರ, ಇಷ್ಟೊತ್ತು ಇಲ್ಲಿ ಕುಂತು ನನಗ ನನ್ನ ಮ್ಯಾಲೇ ಸಂಶೆ ಬಂದಿತ್ತು."

ಪ್ರಭುಲಿಂಗಪ್ಪ ತಪ್ಪಾಯಿತು ಎನ್ನುವ ಪೈಕಿಯವರಲ್ಲ. ಮೂರು ಚಹಾ ತರಿಸಿದರು, ಅಷ್ಟೆ.

ಮರುದಿನ ಬೆಳಿಗ್ಗೆ ಮೊದಲ ಚೀಲ ಇಳಿಸಿದ ಜಹಾಂಗೀರ ಅಂಜುತ್ತಲೇ "ಒಂದ" ಎಂದ.

"ಒಂದ ಅನಬ್ಯಾಡೋ, ಲಾಭ ಅನ್ನು," ಎಂದು ಗದರಿ ಶೈಲಾ 1 ಒತ್ತಿದಳು.