ಮೊಳೆಗೆ ನೇತುಹಾಕಿದ ಪಾಸ್‌ಪೋರ್ಟ್

ಶಾಲಿನಿ, ನಿನ್ನ ಗಂಡನಿಗೆ ಜಾಮೀನು ನಿಂತ ದಿನ ನಾನು ನ್ಯಾಯಾಲಯದಲ್ಲಿ ಸುಳ್ಳು ಹೇಳಿದೆ. ಈ ಜಾಮೀನಿಗೆ ಬದಲಾಗಿ ಯಾರಿಂದಲಾದರೂ ಏನಾದರೂ ಇಟ್ಟುಕೊಂಡಿದ್ದೀರಾ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದು ಸಹಿ ಹಾಕಿದೆ. ನಿನ್ನ ಪಾಸ್‌ಪೋರ್ಟ್ ಆಗಲೇ ಸೆಂಬವಾಂಗ್ ಬಡಾವಣೆಯ ನನ್ನ ಮನೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಉಪಕರಣಗಳ ಉಗ್ರಾಣ ನೋಡಿಕೊಂಡವನು ನಾನು. ಕೆಲಸಗಾರ ತನ್ನ ಹಿತ್ತಾಳೆ ಬಿಲ್ಲೆ ಕೊಟ್ಟರೆ ಸ್ಪ್ಯಾನರ್ ಕೊಡುತ್ತಿದ್ದೆ. ಸ್ಪ್ಯಾನರ್ ಮರಳಿದರೆ ಮಾತ್ರ ಬಿಲ್ಲೆ ಮೊಳೆಯಿಂದ ಇಳಿಯುತ್ತಿತ್ತು. ಕಚೇರಿಯ ಮಾಹಿತಿ ಕದ್ದನೆಂಬ ಆರೋಪದಲ್ಲಿ ಪ್ರವೀಣ ಸಿಕ್ಕಿಕೊಂಡಾಗ ನೀನು ನನ್ನ ಬಳಿಗೆ ಬಂದೆ — ನಿಮಗೆ ಗೊತ್ತಿದ್ದವರಲ್ಲಿ ಜಾಮೀನು ನಿಲ್ಲಬಲ್ಲ ಇಲ್ಲಿನ ಖಾಯಂ ನಿವಾಸಿ ನಾನೊಬ್ಬನೇ. ಅವನು ದೇಶ ಬಿಟ್ಟು ಓಡಿದರೆ ನನ್ನ ಉಳಿತಾಯ ಹೋಗುತ್ತದೆ ಎಂದು ಹೆದರಿದೆ. ಜಾಮೀನುದಾರ ಹೀಗೆ ಒಳಗೊಳಗೆ ಒತ್ತೆ ಇಟ್ಟುಕೊಳ್ಳುವುದು ಅಪರಾಧ — ಗೊತ್ತಿತ್ತು. ಗೊತ್ತಿದ್ದೇ ನಿನ್ನ ಪಾಸ್‌ಪೋರ್ಟ್ ಕೇಳಿದೆ. ಗಂಡನೆಂಬ ಸ್ಪ್ಯಾನರಿಗೆ ಹೆಂಡತಿಯೆಂಬ ಬಿಲ್ಲೆ! ಥೂ.

ಮೂರನೆಯ ತಿಂಗಳು, ಬೆಳಗ್ಗೆ ಆರೂವರೆಗೆ, ನನ್ನ ಕಾಫಿಯ ಹೊತ್ತಿಗೆ ಸರಿಯಾಗಿ, ನೀನು ನಮ್ಮ ಬ್ಲಾಕಿನ ನೆಲಮಟ್ಟದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಕಾಯುತ್ತಿದ್ದೆ.

"ಅಂಕಲ್, ಅಮ್ಮನ್ನ ಐಸಿಯುಗೆ ಶಿಫ್ಟ್ ಮಾಡಿದಾರೆ. ನಾಲ್ಕೇ ದಿನ ಹೋಗಿ ಬರ್ತೀನಿ. ತುಂಬ ಅರ್ಜೆಂಟ್ ಅಂಕಲ್. ಪ್ರವೀಣ್ ಇಲ್ಲೇ ಇರ್ತಾರಲ್ಲ?"

"ನೀನು ಇಲ್ಲಿರೋದಕ್ಕೇ ಅವನು ಇಲ್ಲಿರೋದು. ಕೇಸ್ ಮುಗೀಲಿ. ರೂಲ್ ಅಂದ್ರೆ ರೂಲ್."

ರೂಲ್! ಕಾನೂನು ಮುರಿದು ಕುಳಿತವನ ಬಾಯಲ್ಲಿ. ನೀನು ಪೊಲೀಸರಿಗೆ ಹೇಳಲಾರೆ — ಹೇಳಿದರೆ ಜಾಮೀನು ರದ್ದಾಗಿ ಪ್ರವೀಣ ಮತ್ತೆ ಒಳಗೆ — ಅದನ್ನೂ ಲೆಕ್ಕ ಹಾಕಿಯೇ ಹಾಗೆ ಹೇಳಿದ್ದು. ಐದನೆಯ ದಿನ ಕುಂದಾಪುರದಲ್ಲಿ ನಿನ್ನ ತಾಯಿ ತೀರಿಕೊಂಡರು. ಚಿತೆ ಉರಿಯುವುದನ್ನು ನೀನು ಫೋನಿನಲ್ಲಿ ನೋಡಿದೆಯಂತೆ. ಆ ದಿನವೂ ನಾನು ಆರೂವರೆಗೇ ಕಾಫಿ ಕುಡಿದೆ.

ಪ್ರವೀಣ ಒಂದು ವಿಚಾರಣೆಯನ್ನೂ ತಪ್ಪಿಸಲಿಲ್ಲ. ಆರೋಪ ಸಾಬೀತಾಗಲಿಲ್ಲ, ಕೇಸ್ ಮುಗಿಯಿತು. ನಮ್ಮ ಕನ್ನಡದವರೆಲ್ಲ ಸೇರಿ ಶಾಲು ಹೊದಿಸಿದರು — ನನಗೆ. "ಅಂಕಲ್ ಇಲ್ದಿದ್ರೆ ಪ್ರವೀಣ್ ಕತೆ ಮುಗೀತಿತ್ತು ಲಾ!" ಎಂದು ಒಬ್ಬ ಇಲ್ಲಿನವರ ಧಾಟಿಯಲ್ಲಿ ಕೂಗಿದ, ಚಪ್ಪಾಳೆ. ನಾನು ತಲೆ ತಗ್ಗಿಸಿ ಕೈಮುಗಿದೆ. ಎಂಥ ವಿನಯ! ಹಿಂದಿನ ಸಾಲಿನಲ್ಲಿ ನೀನೂ ಇದ್ದೆ. ನೀನು ಚಪ್ಪಾಳೆ ತಟ್ಟಿದೆಯೋ ಇಲ್ಲವೋ — ನೋಡುವ ಧೈರ್ಯವಾಗಲಿಲ್ಲ.

ಮರುದಿನ ಪಾಸ್‌ಪೋರ್ಟ್ ಮರಳಿಸುವಾಗ, ಉಗ್ರಾಣದ ಅಭ್ಯಾಸ ನೋಡು, ಲೆಕ್ಕದ ಪುಸ್ತಕದಲ್ಲಿ ನಿನ್ನ ಸಹಿ ಹಾಕಿಸಿಕೊಂಡೆ.

"ಎಲ್ಲ ಸರಿ ಇದೆಯಾ, ಈಗಲೇ ನೋಡ್ಕೋಮ್ಮ."

"ಆಮೇಲೆ ನೋಡ್ತೀನಿ ಅಂಕಲ್. ಈಗ ಏನೂ ಅರ್ಜೆಂಟ್ ಇಲ್ಲ."

ಆ ಮಾತಿಗೆ ಈಗ ಆರು ವರ್ಷ. ಮೊಳೆ ಇನ್ನೂ ಗೋಡೆಯಲ್ಲಿದೆ. ಅದಕ್ಕೆ ಬೇರೇನನ್ನೂ ತೂಗುಹಾಕಲು ನನ್ನಿಂದ —

ಎಲ್ಲವನ್ನೂ ಒಪ್ಪಿಕೊಂಡು ನ್ಯಾಯಾಲಯಕ್ಕೆ ಪತ್ರ ಬರೆದಿದ್ದೇನೆ. ಪ್ರತಿ ಇದರ ಜೊತೆಗಿದೆ. ನಿನ್ನ ಮೇಲೆ ತಪ್ಪು ಬರಬಾರದು; ನೀನಾಗಿ ಕೊಟ್ಟೆ ಎಂದು ಅದರಲ್ಲಿಲ್ಲ, ನಾನು ಕಿತ್ತುಕೊಂಡೆ ಎಂದಿದೆ. ನಾಳೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಹಿಡಿದಿಟ್ಟುಕೊಂಡರೆ ಇಟ್ಟುಕೊಳ್ಳಲಿ. ನನಗೆ ಜಾಮೀನು ನಿಲ್ಲಿ ಎಂದು ಯಾರನ್ನೂ ಕೇಳುವುದಿಲ್ಲ.